ಮೈಲುತುತ್ತ ಬೀಳದ ಮೂಲೆ

ಸವಣೂರಿನ ಎಲೆತೋಟಗಳಲ್ಲಿ ಚಪ್ಪಲಿ ಮೆಟ್ಟಿಕೊಂಡು ಓಡಾಡುವ ರೂಢಿಯಿಲ್ಲ. ವೀಳ್ಯದ ಬಳ್ಳಿ ಮಡಿಯ ಬಳ್ಳಿ ಎಂದು ಹಿರಿಯರು ಹೇಳುತ್ತಿದ್ದರು. ಹೊರಗಿನ ಕೆಸರಿನೊಡನೆ ಕೊಳೆರೋಗ ಒಳಗೆ ಬರುತ್ತದೆ ಎಂದು ತೋಟಿಗರು ಹೇಳುತ್ತಿದ್ದರು. ಶಿದ್ಲಿಂಗಪ್ಪ ಎರಡನ್ನೂ ನಂಬಿದ್ದನು. ಊರ ಹೊರಗಿನ ಆ ಎರಡೆಕರೆ ತೋಟದಲ್ಲಿ ಈಗ ಹೆಸರಿಗೆ ಒಂದು ಬಳ್ಳಿಯೂ ಉಳಿದಿರಲಿಲ್ಲ. ಬಳ್ಳಿಗೆ ಆಸರೆಯಾಗಿದ್ದ ನುಗ್ಗೆ, ಚೊಗಚಿ ಮರಗಳನ್ನೂ ಕಡಿದು ಸಾಗಿಸಿಯಾಗಿತ್ತು. ಆದರೂ ಅವನು ದಿನಾ ಬೆಳಿಗ್ಗೆ ತಂತಿಬೇಲಿಯ ಬಾಗಿಲಲ್ಲಿ ಚಪ್ಪಲಿಗಳನ್ನು ಜೋಡಿಸಿಟ್ಟು ಬರಿಗಾಲಿನಲ್ಲಿಯೇ ಒಳಗೆ ಹೋಗುತ್ತಿದ್ದನು.

"ಕಾಕಾ, ಮುಳ್ಳು ಬಾಳ ಅದಾವ, ಮೆಟ್ಟು ಹಾಕ್ಕೊ. ಇಲ್ಲೇನು ದೇವ್ರು ಕುಂತಾನ?" ಎಂದು ಮಾದೇವಿ ನಗುತ್ತಿದ್ದಳು.

"ರೂಢಿ ಬಿದ್ದೈತವಾ," ಎಂದು ಅವನು ಅಷ್ಟಕ್ಕೇ ನಿಲ್ಲಿಸುತ್ತಿದ್ದನು.

ಮಾದೇವಿ ಆ ಜಮೀನನ್ನು ಗೇಣಿಗೆ ಹಿಡಿದ ಎಂಟು ಹೆಂಗಸರ ಸಂಘದ ಹಿರಿಯಳು. ನಲವತ್ತೈದರ ಹೆಣ್ಣುಮಗಳು, ದೊಡ್ಡ ದನಿ, ದೊಡ್ಡ ನಗೆ. ಅಲ್ಲಿ ಅಶ್ವಗಂಧ ಬೆಳೆದು, ಅದರ ಬೇರನ್ನು ಔಷಧಿ ಮಾಡುವವರಿಗೆ ಕೊಡಬೇಕೆಂಬುದು ಆ ಹೆಂಗಸರ ಹಂಚಿಕೆ. ಶಿದ್ಲಿಂಗಪ್ಪ ಅವರಿಗೆ ಜಮೀನಿನ ಜೊತೆಗೆ ಬಂದವನು. ಬಾವಿಯ ಮೋಟಾರು ಎಲ್ಲಿ ತಡೆಯುತ್ತದೆ, ಯಾವ ಮಡಿಗೆ ನೀರು ಮೊದಲು ಹರಿಯುತ್ತದೆ ಎಂಬುದೆಲ್ಲ ಅವನೊಬ್ಬನಿಗೇ ಗೊತ್ತಿದ್ದುದರಿಂದ ಅವನನ್ನು ಕಾವಲಿಗೆ ಇಟ್ಟುಕೊಂಡರು. ಅವನಿಗೂ ಬೇರೆಲ್ಲಿಯೂ ಹೋಗುವುದು ಬೇಕಿರಲಿಲ್ಲ.

ಅರವತ್ತನಾಲ್ಕು ವರ್ಷದ ಶಿದ್ಲಿಂಗಪ್ಪ ಆ ಊರಿಗೆಲ್ಲ ತುತ್ತದ ಶಿದ್ಲಿಂಗಪ್ಪನೆಂದೇ ಪರಿಚಿತನು. ಮಳೆಗಾಲದಲ್ಲಿ ಬಳ್ಳಿಯ ಬುಡಕ್ಕೆ ಬೂಸ್ಟು ಹಿಡಿದರೆ ಮೂರೇ ದಿನದಲ್ಲಿ ಇಡೀ ಸಾಲು ಕಪ್ಪಾಗಿ ಮಲಗುತ್ತದೆ. ಅದಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ನೀಲಿ ನೀರೇ ಮದ್ದು. ಆ ಮದ್ದು ಕಲಸುವುದು ಎಲ್ಲರ ಕೈಗೆ ಬರುವ ಕೆಲಸವಲ್ಲ. ತುತ್ತವನ್ನು ಒಂದು ಮಣ್ಣಿನ ಗಡಿಗೆಯಲ್ಲಿ, ಸುಣ್ಣವನ್ನು ಇನ್ನೊಂದರಲ್ಲಿ ಬೇರೆ ಬೇರೆ ಕರಗಿಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕೇ ಹೊರತು ಸುಣ್ಣದ ನೀರನ್ನು ತುತ್ತಕ್ಕೆ ಸುರಿಯಬಾರದು. ಕೊನೆಗೆ ಕುಡುಗೋಲಿನ ತುದಿಯನ್ನು ಅದರಲ್ಲಿ ಅದ್ದಿ ಎತ್ತಿ ನೋಡಬೇಕು. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ, ಬಳ್ಳಿ ಸುಟ್ಟುಹೋಗುತ್ತದೆ. ಬೆಳ್ಳಗೆ ಬಂದರೆ ಮದ್ದು ಹದವಾಯಿತು. ಶಿದ್ಲಿಂಗಪ್ಪನ ಕುಡುಗೋಲು ಮೊದಲ ಸಲವೇ ಬೆಳ್ಳಗೆ ಬರುತ್ತಿತ್ತು. ಹಾಗಾಗಿ ಮಳೆ ಶುರುವಾಯಿತೆಂದರೆ ಹತ್ತು ತೋಟದವರು ಅವನ ದಾರಿ ಕಾಯುತ್ತಿದ್ದರು.

ಆ ಕೆಲಸ ಅವನ ಕೈಯನ್ನೂ ಬಣ್ಣ ಮಾಡಿತ್ತು. ಉಗುರಿನ ಸಂದಿಯ ನೀಲಿ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಪ್ರಾಯದಲ್ಲಿ ಒಮ್ಮೆ ಶಿಗ್ಗಾವಿಯ ಕಡೆಗೆ ಹೆಣ್ಣು ನೋಡಲು ಹೋದಾಗ ಹುಡುಗಿ ಚಹಾದ ಬಟ್ಟಲನ್ನು ಅವನ ಕೈಗೆ ಕೊಡುತ್ತಾ ಆ ಉಗುರುಗಳನ್ನು ನೋಡಿದಳು. ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಆಮೇಲೆ ತಾಯಿ ಹಾಸಿಗೆ ಹಿಡಿದಳು, ವರ್ಷಗಳು ಉರುಳಿದವು. ಅವನ ಲಗ್ನದ ಮಾತನ್ನು ಎತ್ತುವವರೂ ಇಲ್ಲದಾದರು. ಈಗ ಅವನು ಖಾರಾ ಕರಿಯುವ ಫಕ್ಕೀರೇಶನ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಇರುತ್ತಿದ್ದನು. ಸಂಜೆ ಅವನು ಬಂದಾಗ, "ಖಾರಾನೋ, ಚುರುಮರಿನೋ?" ಎಂದು ಫಕ್ಕೀರೇಶ ಕೇಳುವನು. "ಖಾರಾ" ಎಂದು ಇವನು ಹೇಳುವನು. ಎಷ್ಟೋ ದಿನ ಅವನ ಸಂಜೆಯ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ಮಾತಿನ ಬಡತನ ಅವನಿಗೆ ಮೊದಲಿನಿಂದ ಇದ್ದದ್ದಲ್ಲ. ಇದೇ ತೋಟದಲ್ಲಿ ಇಪ್ಪತ್ತೆರಡು ವರ್ಷ ಅವನು ಬಾಯಿತುಂಬ ಮಾತನಾಡಿದ್ದನು.

ತೋಟದ ಯಜಮಾನರಾದ ಸಾಹೇಬರಿಗೆ ಸುಮಯ್ಯ ಎಂಬ ಅಕ್ಕ ಇದ್ದಳು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಕೊಯ್ದ ಎಲೆಗಳನ್ನು ನೂರರಂತೆ ಎಣಿಸಿ ಬಾಳೆನಾರಿನಿಂದ ಕಟ್ಟು ಕಟ್ಟುವುದು ಅವಳ ಕೆಲಸ. ತೋಟದ ಪಡುವಣ ಮೂಲೆಯಲ್ಲಿ ಮದರಂಗಿಯ ಬೇಲಿಯೊಂದಿತ್ತು. ಅವಳೇ ಕಡ್ಡಿ ಊರಿ ಬೆಳೆಸಿದ್ದು. ತನ್ನ ಕೈಗೆ ಎಂದೂ ಮದರಂಗಿ ಹಚ್ಚಿಕೊಳ್ಳದಿದ್ದರೂ ಓಣಿಯ ಹುಡುಗಿಯರಿಗೆಲ್ಲ ಹಬ್ಬದ ಮುಂಚೆ ಮಡಿಲು ತುಂಬ ಸೊಪ್ಪು ಕೊಡುತ್ತಿದ್ದಳು. ಆ ಬೇಲಿಯ ನೆರಳಿನಲ್ಲಿ ಗೋಣಿತಟ್ಟು ಹಾಸಿ ಅವಳು ಎಣಿಸುತ್ತಿದ್ದಳು. ಬಳ್ಳಿಯ ಸಾಲುಗಳೊಳಗೆ ಶಿದ್ಲಿಂಗಪ್ಪ ಕೆಲಸ ಮಾಡುತ್ತಿದ್ದನು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಹಸಿರಿನ ಗೋಡೆಯ ಆಚೆ ಈಚೆ ಮಾತು ಮಾತ್ರ ನಡೆಯುತ್ತಿತ್ತು.

ಅವಳ ಎಣಿಕೆ ಎಂಬತ್ತು ದಾಟಿತೆಂದು ತಿಳಿದ ಕೂಡಲೆ ಇವನು ಸಾಲಿನೊಳಗಿನಿಂದ, "ಅರವತ್ತೇಳು!" ಎಂದು ಕೂಗುವನು.

"ನಿನ್ನ ಬಾಯಾಗ ಸುಣ್ಣಾ ಹಾಕ! ಎಂಬತ್ನಾಕಿತ್ತು… ಅಲ್ಲ, ಎಂಬತ್ತಾರು… ಹೋತು ನೋಡು, ಮತ್ತ ಮೊದಲಿಂದ ಎಣಿಸ್ಬೇಕು!"

"ಎಣಸ್ರಿ ಬೀಬಿ. ಎಲಿ ಏನು ಓಡಿ ಹೋಗ್ತಾವ?"

"ಎಲಿ ಓಡಿ ಹೋಗೂದಿಲ್ಲೋ ಶಿದ್ಲಿಂಗ, ಹೊತ್ತು ಓಡಿ ಹೋಗ್ತೈತಿ."

ಹೀಗೆ ದಿನಕ್ಕೊಂದು ಕಟ್ಟಾದರೂ ಅವನ ದೆಸೆಯಿಂದ ಎಣಿಕೆ ತಪ್ಪುತ್ತಿತ್ತು.

ಸುಮಯ್ಯಳಿಗೆ ದಮ್ಮಿನ ರೋಗವಿತ್ತು. ಶಿದ್ಲಿಂಗಪ್ಪ ಆ ತೋಟಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಅವನು ಮೂಲೆಯ ಸಾಲುಗಳಿಗೆ ನೀಲಿ ನೀರು ಸುರಿದಾಗ ಅವಳು ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಎಣಿಸುವುದನ್ನು ಮುಂದುವರಿಸಿದಳು. ಮುಂದಿನ ಸಲ ಅವನು ಮದರಂಗಿಯ ಬೇಲಿಗೆ ಹತ್ತು ಹೆಜ್ಜೆ ಇರುವಾಗಲೇ ಕೊಡವನ್ನು ತಿರುಗಿಸಿಕೊಂಡನು. ಅಂದಿನಿಂದ ಇಪ್ಪತ್ತೆರಡು ವರ್ಷ ಆ ಹತ್ತು ಹೆಜ್ಜೆಯ ಆಚೆ ಒಂದು ಹನಿ ತುತ್ತ ಬೀಳಲಿಲ್ಲ. ಅಲ್ಲಿದ್ದ ಬಳ್ಳಿಗಳು ಕೊಳೆತು ಹೋದವು.

"ಆ ಮೂಲ್ಯಾಗಷ್ಟ ಯಾಕ ಕೊಳತಾವೋ?" ಎಂದು ಸಾಹೇಬರು ಕೇಳಿದರು.

"ಅಲ್ಲಿ ನೀರು ನಿಂದರ್ತೈತ್ರಿ," ಎಂದು ಅವನು ಸುಳ್ಳು ಹೇಳಿದನು. ಬೇಲಿಯ ಹಿಂದೆ ಎಣಿಕೆ ಒಂದು ಕ್ಷಣ ನಿಂತು ಮತ್ತೆ ಮುಂದುವರಿಯಿತು. ಅವಳಿಗೆ ಗೊತ್ತಾಗಿತ್ತು ಎಂಬುದಕ್ಕೆ ಅವನ ಬಳಿ ಇದ್ದ ಸಾಕ್ಷಿ ಅಷ್ಟೆ.

ಒಂದು ಬೇಸಿಗೆಯಲ್ಲಿ ಅವನು ಬೆಳಿಗ್ಗೆ ತೋಟಕ್ಕೆ ಬಂದಾಗ ಮದರಂಗಿಯ ಕೆಳಗೆ ಹಿಂದಿನ ದಿನದ ಎಲೆಯ ರಾಶಿ ಒದ್ದೆ ಗೋಣಿ ಹೊದ್ದುಕೊಂಡು ಹಾಗೆಯೇ ಇತ್ತು. ಎಣಿಸುವವಳು ಇರಲಿಲ್ಲ. ರಾತ್ರಿಯೇ ಹೋದಳೆಂದು ಹಾದಿಯಲ್ಲಿ ಹೋಗುತ್ತಿದ್ದವರೊಬ್ಬರು ಹೇಳಿದರು. ಅವನಿಗೆ ಹೇಳಿ ಕಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ತೋಚಲು ಅವನು ಅವರಿಗೆ ಏನಾಗಬೇಕು? ಖಬರಸ್ತಾನದ ಗೋಡೆಯ ಹೊರಗೆ ಸ್ವಲ್ಪ ಹೊತ್ತು ನಿಂತು ಅವನು ಮರಳಿ ಬಂದನು. ಆ ರಾಶಿಯ ಎಲೆಗಳನ್ನು ಕುಳಿತು ತಾನೇ ಎಣಿಸಿ ಕಟ್ಟಿದನು.

ಅದಾದ ಎರಡು ವರ್ಷಕ್ಕೆ ಸಾಹೇಬರೂ ತೀರಿಕೊಂಡರು. ಬಳ್ಳಿ ಹೋಯಿತು. ಸಾಹೇಬರ ಮಗಳು ಶಾಹೀನ ಹುಬ್ಬಳ್ಳಿಯಲ್ಲಿ ನೆಲೆಸಿದ್ದವಳು ಕೆಲವು ವರ್ಷ ಜಮೀನನ್ನು ಬೀಳು ಬಿಟ್ಟು, ಆಮೇಲೆ ಮಾದೇವಿಯ ಸಂಘಕ್ಕೆ ಕೊಟ್ಟಳು.

ಮೊದಲ ವರ್ಷ ಅಶ್ವಗಂಧದ ಬೀಜ ಹುಟ್ಟಿತು, ಗೇಣುದ್ದವಾಯಿತು, ಆಮೇಲೆ ಹಳದಿಯಾಗತೊಡಗಿತು. ಹೆಂಗಸರು ತಲೆಯ ಮೇಲೆ ಕೈಹೊತ್ತು ಕುಳಿತರು. ಶಿದ್ಲಿಂಗಪ್ಪನಿಗೆ ಮಾತ್ರ ಒಳಗೊಳಗೆ ಒಂದು ಬಗೆಯ ಹುರುಪು. ಬಹಳ ದಿನದ ಮೇಲೆ ತನ್ನ ವಿದ್ಯೆಗೆ ಕೆಲಸ ಬಂದಿತ್ತು. ಬುಡ ಕೊಳೆಯುತ್ತಿದೆ, ಇದು ಬೂಸ್ಟಿನ ಕೆಲಸವೇ ಎಂದು ಅವನು ತೀರ್ಮಾನಿಸಿ, ಯಾರಿಗೂ ಹೇಳದೆ ಪೇಟೆಯಿಂದ ಮೈಲುತುತ್ತ ತಂದು, ಹಳೆಯ ಗಡಿಗೆಗಳನ್ನು ತೊಳೆದು ಮದ್ದು ಕಲಸಿದನು. ಕುಡುಗೋಲು ಬೆಳ್ಳಗೆ ಬಂದಿತು. ಎರಡು ದಿನ ಸೊಂಟ ಬಗ್ಗಿಸಿ ಪ್ರತಿಯೊಂದು ಗಿಡದ ಬುಡಕ್ಕೂ ಸುರಿದನು. ಮದರಂಗಿಗೆ ಹತ್ತು ಹೆಜ್ಜೆ ಇರುವಾಗ ಅವನ ಕಾಲು ತಾನಾಗಿ ನಿಂತಿತು.

ವಾರದೊಳಗೆ ಹಳದಿಯಾಗಿದ್ದ ಗಿಡಗಳೆಲ್ಲ ಒಣಗಿದವು.

ಆಗ ಬಂದವಳು ಸಮತಾ. ತಿಳವಳ್ಳಿಯವಳು, ಕೃಷಿ ಓದಿದವಳು, ಹೆಂಗಸರ ಸಂಘಗಳಿಗೆ ಬೇಸಾಯ ಹೇಳಿಕೊಡುವ ಕೆಲಸದಲ್ಲಿದ್ದಳು. ಅವಳು ಮಣ್ಣನ್ನು ಪರೀಕ್ಷೆಗೆ ಒಯ್ದು, ಕೆಲವು ದಿನದ ಮೇಲೆ ಒಂದು ಕಾಗದ ಹಿಡಿದು ಬಂದಳು.

"ಈ ಮಣ್ಣಾಗ ತಾಮ್ರ ಬಾಳ ಐತ್ರಿ."

"ತಾಮ್ರ? ಯಾರರ ಕೊಡಾ ಹೂಳ್ಯಾರೇನ ಇಲ್ಲಿ?" ಎಂದು ಮಾದೇವಿ ನಕ್ಕಳು.

"ಹೂಳಿಲ್ಲಕ್ಕಾ, ಸುರುವ್ಯಾರ. ಮೈಲುತುತ್ತ ಅಂದ್ರ ತಾಮ್ರನ. ಇಪ್ಪತ್ತು ಮೂವತ್ತು ವರ್ಷ ಸುರುವಿದ್ದು ಮಳಿಗೆ ಕೊಚ್ಚಿ ಹೋಗೂದಿಲ್ಲ, ಬಿಸಲಿಗೆ ಆರೂದಿಲ್ಲ. ಮ್ಯಾಲಿನ ಗೇಣು ಮಣ್ಣಾಗ ಹಂಗ ಕುಂತಿರ್ತೈತಿ. ಕೆಟ್ಟ ಬೂಸ್ಟನ್ನ ಕೊಲ್ಲಾಕ ಹಾಕಿದ್ದು ಒಳ್ಳೆ ಬೂಸ್ಟನ್ನೂ ಕೊಂದೈತಿ."

"ಬೂಸ್ಟಿನಾಗ ಒಳ್ಳೇದೂ ಇರ್ತೈತಾ?" ಎಂದು ಶಿದ್ಲಿಂಗಪ್ಪ ಕೇಳಿದನು. ಅದು ಅವನ ಬಾಯಿಂದ ಬಂದ ರೀತಿಗೆ ಎಲ್ಲರೂ ಅವನತ್ತ ತಿರುಗಿದರು.

"ಇರ್ತೈತ್ರಿ ಕಾಕಾ. ಅದು ಬೇರಿನೊಳಗ ಮನಿ ಮಾಡ್ತೈತಿ. ಕೂದಲಕ್ಕಿಂತ ಸಣ್ಣ ಎಳಿ ಬಿಟ್ಟು, ಬೇರಿಗೆ ಮುಟ್ಟಲಾರದ ಕಡಿಂದ ನೀರು, ಸಾರ ತಂದು ಗಿಡಕ್ಕ ಕೊಡ್ತೈತಿ. ಗಿಡ ಅದಕ್ಕ ಸಕ್ರಿ ಕೊಡ್ತೈತಿ. ಬೇರಿಲ್ಲದ ಅದು ಬದುಕೂದಿಲ್ಲ, ಅದಿಲ್ಲದ ಇಂಥಾ ಗಿಡಕ್ಕ ಒಳ್ಳೆ ಬೇರು ಬರೂದಿಲ್ಲ."

ತುತ್ತ ಸುರಿದವರು ಯಾರೆಂದು ಸಮತಾಳಿಗೆ ತಿಳಿದಿರಲಿಲ್ಲ. ಮಾದೇವಿಗೆ ತಿಳಿದಿತ್ತು. ಅವಳು ಶಿದ್ಲಿಂಗಪ್ಪನ ಉಗುರುಗಳನ್ನು ಒಮ್ಮೆ ನೋಡಿ, ಎಂದೂ ಸುಮ್ಮನಿರದವಳು ಅಂದು ಸುಮ್ಮನಾದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಕುಡುಗೋಲಿಗೆ ಹತ್ತುವ ಕೆಂಪು ತಾಮ್ರವೆಂಬುದು ಅವನಿಗೆ ಗೊತ್ತಿದ್ದ ಸಂಗತಿಯೇ. ಅಲಗಿಗೆ ಹತ್ತುವುದು ನೆಲಕ್ಕೂ ಹತ್ತುತ್ತದೆ ಎಂಬುದು ಅಷ್ಟು ವರ್ಷಗಳಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಹತ್ತು ತೋಟಗಳು ನೆನಪಾದವು. ಊರಿನಲ್ಲಿ ತನ್ನಷ್ಟು ಅಚ್ಚುಕಟ್ಟಾಗಿ ಆ ಕೆಲಸ ಮಾಡಿದವರು ಯಾರೂ ಇಲ್ಲವೆಂದು ಅವನು ಹೆಮ್ಮೆ ಪಡುತ್ತಿದ್ದನಲ್ಲ, ಆ ಅಚ್ಚುಕಟ್ಟೇ ಈಗ ಎದೆಗೆ ಒತ್ತತೊಡಗಿತು.

ಸಮತಾ ದಾರಿ ತೋರಿಸಿದಳು. ಬೇಸಿಗೆಯಲ್ಲಿ ಹೆಂಗಸರು ಗೋವಿನಜೋಳದ ಕಾಳು ಬಿಡಿಸಿ ಉಳಿದ ಬೆಂಡುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತಂದರು. ಬಟ್ಟಲಿನ ಆಕಾರದ ಗುಂಡಿ ತೋಡಿ ಅದರಲ್ಲಿ ಪದರ ಪದರವಾಗಿ ಸುಟ್ಟರು. ಮೇಲಿನ ಪದರ ಬೂದಿಯಾಗುವ ಮುನ್ನ ಇನ್ನೊಂದು ಪದರ ಹಾಕಬೇಕು. ಕೊನೆಗೆ ನೀರು ಹೊಡೆದು ಆರಿಸಬೇಕು. ಹಾಗೆ ಬಂದ ಇದ್ದಿಲನ್ನು ಕುಟ್ಟಿ, ಹದಿನೈದು ದಿನ ಗಂಜಳ ಮತ್ತು ಸಗಣಿ ನೀರಿನಲ್ಲಿ ನೆನೆಯಿಟ್ಟು ಮಣ್ಣಿಗೆ ಕೂಡಿಸಿದರೆ ಅದು ತಾಮ್ರವನ್ನು ತನ್ನ ಮೈಗೆ ಅಂಟಿಸಿಕೊಂಡು ಬೇರಿಗೆ ಬಿಡುವುದಿಲ್ಲ. ಒಳ್ಳೆಯ ಬೂಸ್ಟಿಗೆ ಅದರ ತೂತುಗಳಲ್ಲಿ ಇರಲು ಜಾಗವೂ ಆಗುತ್ತದೆ. ಸುಣ್ಣದ ಹದ ಬಲ್ಲ ಶಿದ್ಲಿಂಗಪ್ಪನಿಗೆ ಬೆಂಕಿಯ ಹದವೂ ಬೇಗನೆ ತಿಳಿಯಿತು. ಇಡೀ ಬೇಸಿಗೆ ಅವನೇ ಗುಂಡಿಯ ಬಳಿ ನಿಂತನು.

"ಇಷ್ಟು ದಿನ ನೀಲಿ ಇದ್ದಿ, ಈಗ ಕರಿ ಆದಿ ನೋಡು ಕಾಕಾ," ಎಂದಳು ಮಾದೇವಿ.

ಅವನು ನಗಲು ಪ್ರಯತ್ನಿಸಿದನು.

ಎರಡನೆಯ ವರ್ಷ ಪೇಟೆಯ ಪೊಟ್ಟಣದಲ್ಲಿ ಬಂದ ಬೂಸ್ಟಿನ ಪುಡಿಯನ್ನು ಇದ್ದಿಲಿನೊಡನೆ ಬೆರೆಸಿ ಬಿತ್ತಿದರು. ಗಿಡಗಳು ಹಳದಿಯಾಗಲಿಲ್ಲ, ಆದರೆ ಮೊಳಕಾಲನ್ನು ದಾಟಲೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಒಂದೆರಡು ಕಿತ್ತು ನೋಡಿದರೆ ಬೇರು ಹೊಲಿಗೆ ದಾರದಷ್ಟಿತ್ತು. ಅದೇ ವಾರ ಶಾಹೀನ ಫೋನು ಮಾಡಿದಳು. ಮಾದೇವಿ ಎಲ್ಲರಿಗೂ ಕೇಳುವಂತೆ ಅದನ್ನು ಕಟ್ಟೆಯ ಮೇಲಿಟ್ಟಳು.

"ಮಾದೇವಕ್ಕಾ, ನಾ ಕೆಟ್ಟಾಕಿ ಅಲ್ಲ. ಸಿಮೆಂಟ್ ಪೈಪ್ ಎರೆಯೋರೊಬ್ರು ಜಾಗ ಕೇಳಾಕತ್ತಾರ. ಮುಂದಿನ ಸಂಕ್ರಾಂತಿತನಾ ತಡೀತೇನಿ. ಅಷ್ಟರಾಗ ನಿಮಗ ಬೇರು ಬಂದ್ರ ಜಮೀನು ನಿಮ್ದ. ಬರದಿದ್ರ ನನ್ನ ಬೈಬ್ಯಾಡ್ರಿ."

ಆ ಮಾತಿಗೆ ಉಳಿದವರೆಲ್ಲ ಮಾದೇವಿಯ ಮುಖ ನೋಡಿದರು. ಶಿದ್ಲಿಂಗಪ್ಪ ಪಡುವಣ ಮೂಲೆಯನ್ನು ನೋಡಿದನು.

ಅಲ್ಲಿ ಒಂದು ಗುಟ್ಟು ಬೆಳೆದು ನಿಂತಿತ್ತು. ಮಳೆಗಾಲದಲ್ಲಿ ಹೆಂಗಸರ ಉಡಿಯಿಂದ ಜಾರಿದ ಒಂದು ಬೀಜ ಮದರಂಗಿಯ ಬುಡದಲ್ಲಿ ತಾನಾಗಿ ಹುಟ್ಟಿ, ಇದ್ದಿಲಿಲ್ಲದೆ, ಪೊಟ್ಟಣವಿಲ್ಲದೆ ಸೊಂಟದೆತ್ತರಕ್ಕೆ ಬಂದು ಕೆಂಪು ಹಣ್ಣು ಬಿಟ್ಟಿತ್ತು. ಮೊದಲು ಕಂಡ ದಿನವೇ ಅದರ ಅರ್ಥ ಅವನಿಗೆ ಆಗಿತ್ತು. ಒಳ್ಳೆಯ ಬೂಸ್ಟು ಇಡೀ ತೋಟದಲ್ಲಿ ಸತ್ತಿದ್ದರೂ ಆ ಹತ್ತು ಹೆಜ್ಜೆಯಲ್ಲಿ ಜೀವ ಹಿಡಿದುಕೊಂಡಿದೆ. ಸಮತಾ ಇದನ್ನು ಕಂಡರೆ ಆ ನೆಲಕ್ಕೆ ಸಲಿಕೆ ಬೀಳುತ್ತದೆ. ಇಪ್ಪತ್ತೆರಡು ವರ್ಷ ಒಬ್ಬಳು ಕುಳಿತು ಕುಳಿತು ತಗ್ಗಾದ ನೆಲ ಅದು. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವಾಗ ಅವನು ಆ ತಗ್ಗಿನ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳುತ್ತಿದ್ದನು. ತಗ್ಗಿನಲ್ಲಿ ಎಂದೂ ಕುಳಿತವನಲ್ಲ, ಪಕ್ಕಕ್ಕೆ. ಊರಿನಲ್ಲಿ ಅವನಿಗೆ ತನ್ನದೆಂಬ ಜಾಗ ಅದೊಂದೇ.

ಫೋನು ಬಂದ ಮರುದಿನ, ಹೆಂಗಸರು ಬರುವ ಮೊದಲೇ, ಅವನು ಆ ಗಿಡವನ್ನು ಹಿಡಿದು ಜಗ್ಗಿದನು. ಅದು ಸುಲಭಕ್ಕೆ ಬರಲಿಲ್ಲ. ಬಂದಾಗ ಹೆಬ್ಬೆರಳಿನಷ್ಟು ದಪ್ಪದ, ಮೊಳದುದ್ದದ ಬೇರು ಮಣ್ಣಿನ ಹೆಂಟೆಯೊಡನೆ ಬಂದಿತು. ಲಾಯದೊಳಗೆ ಹೊಕ್ಕಂತೆ ಕುದುರೆಯ ವಾಸನೆ ಮೂಗಿಗೆ ಹೊಡೆಯಿತು. ಅದನ್ನು ಒಂದು ಹರಕು ಪಂಚೆಯಲ್ಲಿ ಸುತ್ತಿ, ಕೋಣೆಗೆ ಒಯ್ದು ಹೊರಸಿನ ಕೆಳಗೆ ಇಟ್ಟನು. ಕಿತ್ತ ಗುರುತನ್ನು ಅಂಗೈಯಿಂದ ಸವರಿ ಮುಚ್ಚಿದ್ದನು.

ಎಂಟು ದಿನ ಕಳೆದವು. ಹೊರಸಿನ ಕೆಳಗಿನ ವಾಸನೆ ಖಾರದ ಎಣ್ಣೆಯ ವಾಸನೆಯನ್ನೂ ಮೀರಿ ಬರುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಮಾದೇವಿ ಅವನಿಗೆ ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯೆ ಹಾಕಿ ಕೊಡುತ್ತಾ ಕೇಳಿದಳು: "ಜಮೀನು ಹೋದ್ರ ನಾವೆಲ್ಲಾ ಮತ್ತ ಕೂಲಿಗೆ ಹೋಗೂದು ಇದ್ದದ್ದ. ನೀ ಎಲ್ಲಿ ಹೋಗ್ತಿ ಕಾಕಾ?"

ಅವನು ರೊಟ್ಟಿ ಮುರಿದನು. ಸಿಮೆಂಟಿನ ಪೈಪುಗಳು ಮದರಂಗಿಯ ಮೂಲೆಯವರೆಗೂ ಒಂದರ ಮೇಲೊಂದು ಮಲಗಿರುವುದು ಕಣ್ಣಿಗೆ ಕಟ್ಟಿತು. ಪೈಪಿನವರು ಬಾಗಿಲಿಗೆ ಬೀಗ ಹಾಕುತ್ತಾರೆ. ಆ ನೆಲವನ್ನು ಅಗೆಯಗೊಡದೆ ಉಳಿಸಿಕೊಂಡರೆ ಅದು ಅವರ ಪಾಲಾಗುತ್ತದೆ; ಅಗೆದರೆ ಮಾತ್ರ, ಅಗೆದು ಮಿಕ್ಕಷ್ಟು, ಅವನಿಗೆ ಉಳಿಯುತ್ತದೆ. ಇದನ್ನು ತಿಳಿಯಲು ಅವನಿಗೆ ಎಂಟು ದಿನ ಬೇಕಾಗಿತ್ತು.

ಮರುದಿನ ಅವನು ಪಂಚೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹಾನಗಲ್ಲಿಗೆ ಹೋಗುವ ಬಸ್ಸು ಹತ್ತಿದನು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತಿಳವಳ್ಳಿ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದವನು ಮೂಗು ಮುರಿದು, "ಏನ್ರೀ ಅದು, ಕುದರಿ ತಂದೀರೇನ?" ಎಂದು ಕೇಳಿ ಎದ್ದು ಬೇರೆ ಕಡೆಗೆ ಹೋದನು.

ಸಮತಾಳ ತಾಯಿ ಶಂಕ್ರವ್ವ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. "ಬರ್ರಿ, ಕುಂಡ್ರ್ರಿ, ಸವಣೂರಿಂದ ಬಂದ್ರಿ? ಚಾ ಕುಡೀರಿ ಮೊದಲ," ಎಂದು ಚಾಪೆ ಹಾಸಿದಳು. ಸಮತಾ ಹೊರಗೆ ಬಂದಾಗ ಅವನು ಗಂಟು ಬಿಚ್ಚಿ ಅವಳ ಮುಂದೆ ಇಟ್ಟನು.

ಅವಳು ಬೇರನ್ನು ಕೈಗೆತ್ತಿಕೊಂಡಳು. ತಿರುಗಿಸಿ ನೋಡಿದಳು. "ಎಲ್ಲೀದಿದು ಕಾಕಾ?"

"ನಮ್ಮ ತೋಟದ್ದ."

"ಸುಳ್ಳ್ ಹೇಳ್ಬ್ಯಾಡ್ರಿ."

"ಮದರಂಗಿ ಮೂಲ್ಯಾಗ ಹುಟ್ಟಿತ್ತು. ನಾನ ಕಿತ್ತು ಮುಚ್ಚಿಟ್ಟಿದ್ದೆ. ಅಲ್ಲಿ ನಾ ತುತ್ತ ಸುರುವಿದಾವಲ್ಲ. ಉಳದ ಕಡೆಗೆಲ್ಲಾ ಸುರುವಿದಾವ ನಾನ."

"ಗೊತ್ತೈತ್ರಿ," ಎಂದಳು ಸಮತಾ ಮೆಲ್ಲಗೆ. "ಮಾದೇವಕ್ಕ ಹೇಳ್ಯಾರ. ಆದ್ರ ಇದನ್ನ ಯಾಕ ಮುಚ್ಚಿಟ್ರಿ?"

ಅವನು ಚಹಾದ ಬಟ್ಟಲನ್ನು ಕೆಳಗಿಟ್ಟನು. "ಅಲ್ಲಿ ಒಬ್ರು ಕುಂಡ್ರತಿದ್ರು."

ಸಮತಾ ಬೇರನ್ನು ಮೆಲ್ಲಗೆ ಪಂಚೆಯ ಮೇಲೆ ಇಟ್ಟಳು. ಭತ್ತ ಹರವುತ್ತಿದ್ದ ಶಂಕ್ರವ್ವನ ಕೈ ಸ್ವಲ್ಪ ನಿಧಾನವಾಯಿತು.

"ಪೊಟ್ಟಣದ್ದು ಬ್ಯಾರೆ ಊರಿನ ಮಣ್ಣಾಗ ಬೆಳದದ್ರಿ, ತಾಮ್ರದ ರುಚಿ ಕಂಡಿಲ್ಲ," ಎಂದು ಸಮತಾ ಹೇಳಿದಳು. "ನಿಮ್ಮ ಮೂಲ್ಯಾಂದು ಹಂಗಲ್ಲ. ಮಗ್ಗಲದಿಂದ ಮಳಿ ನೀರಿನಾಗ ಇಷ್ಟಿಷ್ಟ ಬಂದದ್ದನ್ನ ತಡಕೊಂಡು ರೂಢಿ ಮಾಡ್ಕೊಂಡೈತಿ. ಒಂದು ನೂರು ಬೊಗಸಿ ಸಾಕು ಕಾಕಾ. ಕುಂಡ್ಯಾಗ ಹಾಕಿ, ಜೋಳ ಬಿತ್ತಿ, ಮೂರು ತಿಂಗಳು ಬೆಳಸಿದ್ರ ಇಡೀ ತೋಟಕ್ಕ ಆಗೂವಷ್ಟು ಬೂಸ್ಟು ಹಬ್ಬತೈತಿ. ಇಡೀ ಮೂಲಿ ಅಗಿಯೂದು ಬ್ಯಾಡ."

"ನಾನ ತಗೀತೇನಿ. ಬ್ಯಾರೆ ಯಾರೂ ಬ್ಯಾಡ."

"ಆತ್ರಿ. ನೀವ ತಗೀರಿ."

ಮುಂದಿನ ಸೋಮವಾರ ಬೆಳಿಗ್ಗೆ ಅವನು ಎಂದಿನಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮೂಲೆಗೆ ಹೋದನು. ಸಲಿಕೆ ತಂದಿರಲಿಲ್ಲ. ಕುರುಪಿಯಿಂದ ಮೇಲಿನ ತರಗೆಲೆಯನ್ನು ಸರಿಸಿ, ಮದರಂಗಿಯ ಎಳೆಬೇರುಗಳಿದ್ದ ಕಡೆಯಿಂದ ತೊಡಗಿ ತಗ್ಗಿನ ಅಂಚಿನವರೆಗೆ ಮಣ್ಣು ಬಿಡಿಸಿದನು. ಮಣ್ಣು ಕಪ್ಪಗೆ, ಬಿಡಿಬಿಡಿಯಾಗಿ ಇತ್ತು. ಬೆರಳು ಹೊಕ್ಕಲ್ಲೆಲ್ಲ ಕೂದಲಿನಂಥ ಬಿಳಿ ಬೇರುಗಳು. ಒಂದು ಬೊಗಸೆ ಬುಟ್ಟಿಗೆ ಹಾಕಿ, "ಒಂದು" ಎಂದನು. ಇನ್ನೊಂದು ಹಾಕಿ, "ಎರಡು" ಎಂದನು. ಅರವತ್ತರ ಹೊತ್ತಿಗೆ ಅಂಚು ಸಾಲದಾಗಿ ತಗ್ಗಿನೊಳಕ್ಕೆ ಕೈ ಹಾಕಬೇಕಾಯಿತು. ಅಲ್ಲಿ ನೆಲ ಗಟ್ಟಿಯಾಗಿತ್ತು. ಅವನು ಮೊಣಕಾಲೂರಿ ನಿಧಾನವಾಗಿ ಕೆದರಿದನು. ಎಂಬತ್ತೆರಡು, ಎಂಬತ್ಮೂರು, ಎಂಬತ್ನಾಲ್ಕು ಎಂದು ಗಟ್ಟಿಯಾಗಿ ಎಣಿಸಿ, ಒಮ್ಮೆ ನಿಂತನು. ಬಾವಿಯ ಕಡೆಯಿಂದ ಒಂದು ಗೌಜಲ ಹಕ್ಕಿ ಕೂಗಿತು; ಮತ್ತೆ ಸದ್ದಿಲ್ಲ. ಎಂಬತ್ತೈದು. ತೊಂಬತ್ತು. ನೂರಕ್ಕೆ ನೂರೂ ಸರಿಯಾಗಿ ಬಂದವು. ಎಣಿಕೆಯನ್ನು ಯಾರೂ ತಪ್ಪಿಸಲಿಲ್ಲ.

ಕುಂಡಗಳಿಗೆ ಹಾಕುವಾಗ ಸಮತಾ ಒಂದೊಂದರ ಮೇಲೂ ಚೀಟಿ ಅಂಟಿಸಿದಳು. "ಇದಕ್ಕೇನಂತ ಹೆಸರು ಬರೀಲ್ರಿ ಕಾಕಾ?" ಎಂದು ಪೆನ್ನು ಹಿಡಿದು ಅವನ ಮುಖ ನೋಡಿದಳು.

ಅವನ ಬಾಯಿಯವರೆಗೆ ಬಂದದ್ದು ಅಲ್ಲಿಯೇ ನಿಂತಿತು. "ಮೂಲಿ ಮಣ್ಣು ಅಂತ ಬರಿಯವಾ," ಎಂದನು.

ಬೇಸಿಗೆಯ ಮೂರು ತಿಂಗಳು ಅವನು ಆ ಕುಂಡಗಳಿಗೆ ಹೊತ್ತು ತಪ್ಪದೆ ನೀರು ಹಾಕಿದನು. ಜೋಳ ಬೆಳೆಯಿತು, ಅದನ್ನು ಕೊಯ್ದು, ಬೇರು ಕೂಡಿದ ಮಣ್ಣನ್ನು ಪುಡಿ ಮಾಡಿ, ಇದ್ದಿಲಿನೊಡನೆ ಬೆರೆಸಿ, ಮಳೆ ಹದವಾದ ಮೇಲೆ ಸಾಲಿನುದ್ದಕ್ಕೆ ಬೀಜದ ಕೆಳಗೆ ಇಟ್ಟರು. ಆ ಮಳೆಗಾಲ ಹಿರೇಕೆರೂರಿನ ಕಡೆಯಿಂದ ಮೋಡ ಎದ್ದಾಗಲೆಲ್ಲ ಅವನಿಗೆ ಗಡಿಗೆಗಳು ನೆನಪಾಗುತ್ತಿದ್ದವು. ಒಂದು ದಿನ ಅವನು ಎರಡೂ ಗಡಿಗೆಗಳನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿದನು. ಗಿಡಗಳು ಮೊಳಕಾಲು ದಾಟಿದವು. ದೀಪಾವಳಿಗೆ ಸೊಂಟಕ್ಕೆ ಬಂದವು.

ಸಂಕ್ರಾಂತಿಗೆ ಮುನ್ನ ಶಾಹೀನ ತಾನೇ ಬಂದಳು. ಮಾದೇವಿ ಅವಳ ಎದುರಿಗೇ ಒಂದು ಗಿಡ ಕಿತ್ತಳು. ಬೇರು ಕಿರುಬೆರಳಿಗಿಂತ ದಪ್ಪವಾಗಿತ್ತು. ಇನ್ನೊಂದು ಕಿತ್ತಳು, ಅದೂ ಹಾಗೆಯೇ. "ಕೈ ಬೆರಳ ಇಟ್ಟು ನೋಡ್ರಿ, ಆಮ್ಯಾಲೆ ಮಾಯಾ ಮಾಡೇವಿ ಅಂದೀರಿ!" ಎಂದು ಮಾದೇವಿ ಎಂಟೂ ಹೆಂಗಸರಿಗೆ ಕೇಳುವಂತೆ ನಕ್ಕಳು. ಪೈಪಿನವರಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳುತ್ತೇನೆ ಎಂದು ಶಾಹೀನ ಅಲ್ಲಿಯೇ ಮಾತು ಕೊಟ್ಟಳು.

ಆಮೇಲೆ ಅವಳು ತೋಟವನ್ನು ಒಂದು ಸುತ್ತು ಹಾಕುತ್ತ ಪಡುವಣ ಮೂಲೆಗೆ ಬಂದಳು. ಶಿದ್ಲಿಂಗಪ್ಪ ಅಲ್ಲಿ ಮದರಂಗಿಯ ಒಣ ಕಡ್ಡಿ ಸವರುತ್ತಿದ್ದನು. ಅವಳು ತಗ್ಗನ್ನು ನೋಡಿ ನಿಂತಳು. ಅದು ಮೊದಲಿಗಿಂತ ಆಳವಾಗಿತ್ತು, ಆದರೆ ಆಕಾರ ಕೆಟ್ಟುಹೋಗಿತ್ತು. ಯಾರೋ ಕುಳಿತ ಜಾಗವೆಂದು ಈಗ ಹೇಳುವಂತಿರಲಿಲ್ಲ.

"ನಮ್ಮ ಸುಮಯ್ಯ ಫುಫು ಇಲ್ಲೇ ಅಲ್ಲೇನ್ರಿ ಎಲಿ ಎಣಸ್ತಿದ್ದಿದ್ದು? ಸಣ್ಣಾಕಿ ಇದ್ದಾಗ ನನ್ನ ಕೈಗೆ ಇದ ಗಿಡದ ಮದರಂಗಿ ಹಚ್ಚಿದ್ಲು," ಎಂದಳು.

"ಹೌದ್ರಿ."

"ನಿಮಗ ನೆನಪದಾಳ ಆಕಿ?"

ಅವನು ಕೈಯಲ್ಲಿದ್ದ ಕಡ್ಡಿಯನ್ನು ಎರಡು ತುಂಡು ಮಾಡಿದನು. "ಸ್ವಲ್ಪ ಸ್ವಲ್ಪ ಅದಾರ್ರಿ," ಎಂದನು.

ಶಾಹೀನ ಒಂದು ಹಿಡಿ ಮದರಂಗಿ ಸೊಪ್ಪು ಕಿತ್ತುಕೊಂಡು ಹೋದಳು. ಮಧ್ಯಾಹ್ನ ಕೀಳುವ ಕೆಲಸ ಜೋರಾಗಿ ನಡೆಯಿತು. ತಿಳವಳ್ಳಿಗೂ ಮಾದೇವಿಯ ತವರಾದ ಆಡೂರಿಗೂ ಕೊಡಲು ಮೂಲೆ ಮಣ್ಣಿನ ಚೀಲಗಳನ್ನು ಸಮತಾ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಬೇರುಗಳನ್ನು ನೂರರಂತೆ ಕಟ್ಟು ಕಟ್ಟಿ ನೆರಳಿನಲ್ಲಿ ತೂಗಹಾಕಬೇಕಾಗಿತ್ತು. ಇಡೀ ತೋಟದಲ್ಲಿ ನೆರಳಿದ್ದದ್ದು ಮದರಂಗಿಯ ಕೆಳಗೆ ಮಾತ್ರ. ಮಾದೇವಿ ಬೇರಿನ ರಾಶಿಯನ್ನು ಸೆರಗಿನಲ್ಲಿ ಹೊತ್ತು ತಂದು, ಗೋಣಿತಟ್ಟು ಹಾಸಿ, ನೇರವಾಗಿ ಆ ತಗ್ಗಿನಲ್ಲಿಯೇ ಕುಳಿತಳು.

ಶಿದ್ಲಿಂಗಪ್ಪ ಒಂದು ಹೆಜ್ಜೆ ಮುಂದಿಟ್ಟನು. ಏನೋ ಹೇಳಲು ಬಾಯಿ ತೆರೆದನು.

"ಏನ ಕಾಕಾ?"

"ಏನಿಲ್ಲವಾ. ಕುಂಡ್ರು. ಅಲ್ಲಿ ತಂಪೈತಿ."

ಅವನು ಕುಡುಗೋಲು ಎತ್ತಿಕೊಂಡು ದೂರದ ಸಾಲಿಗೆ ನಡೆದು, ಗಿಡಗಳ ಮರೆಯಲ್ಲಿ ಬೆನ್ನು ಮಾಡಿ ನಿಂತನು. ಸೊಂಟದೆತ್ತರದ ಹಸಿರಿನ ಆಚೆಯಿಂದ ಮಾದೇವಿಯ ದೊಡ್ಡ ದನಿ ಕೇಳಿಬರುತ್ತಿತ್ತು. ಎಂಬತ್ತೊಂದು. ಎಂಬತ್ತೆರಡು. ಎಂಬತ್ಮೂರು. ಕುಡುಗೋಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು, ತುಟಿ ಬಿಗಿಹಿಡಿದು, ಅವನು ನೂರರವರೆಗೂ ಹಾಗೆಯೇ ನಿಂತಿದ್ದನು. ಆಮೇಲೆ ಬಗ್ಗಿ ಮುಂದಿನ ಗಿಡಕ್ಕೆ ಕೈ ಹಾಕಿದನು.